ಎರಡು ಬೆರಳು ಹೆಚ್ಚಿಗಿ

ಕೈಗೆ ರಬ್ಬರಿನ ಚೀಲ ಏರಿಸಿಕೊಂಡು
ಮಶೀನಿನ ಹಲಗಿ ಮ್ಯಾಲ ಹಾಸಿದ್ಲು ಪಿಎಸ್‌ಐ ಬಾಯಿ,
ರಾಣೆಬೆನ್ನೂರ ಕಡೆಯಾಕಿ, ನನ್ನ ಮೊಮ್ಮಗಳ ವಾರಿಗಿ.
'ಮುಟ್ಟಬ್ಯಾಡ್ರಿ ಅಜ್ಜಾರ, ಬರೇ ನೋಡ್ರಿ.'

ಖಣದ ಕುಪ್ಪಸ. ಬಣ್ಣ ಹೋಗೇತಿ.
ಮಣ್ಣು ತಿಂದು ಉಳಿಸಿದ್ದು ಇಷ್ಟು:
ಒಂದು ತೋಳು, ಬೆನ್ನು, ಅರ್ಧ ಎದಿ.
ಎಂಬತ್ತೊಂಬತ್ತರಾಗ ನಾಗಾವಿ ಗುಡ್ಡದ
ಖಡಿ ಕ್ವಾರ್ಯಾಗ ಸಿಕ್ಕದ್ದಂತ.
ಕಾಗದ ಓದಿದ್ಲು:
'ಅಪರಿಚಿತ ಹೆಂಗಸು. ವಯಸ್ಸು ಸುಮಾರು ಇಪ್ಪತ್ತೈದು.
ಎತ್ತರ ಸುಮಾರು ಐದು ಅಡಿ. ತಲೆಗೆ ಪೆಟ್ಟು.'

ನಮ್ಮ ಕಸಬಿನಾಗ
ಸುಮಾರು ಅನ್ನೋ ಮಾತಿಲ್ಲ.

'ಒಳಮೈ ತಿರುವಿ ತೋರಿಸವ್ವಾ' ಅಂದೆ.
ತುರಪಿ ಎಡದಿಂದ ಬಲಕ್ಕ ನಡದಿತ್ತು,
ಎಳಿ ಎಲ್ಲಾ ಉಲ್ಟಾ ವಾಲಿ.
ಬೆಟಗೇರ್ಯಾಗ ಎಡಗೈಲೆ ಸೂಜಿ ಹಿಡದಾಂವ ನಾನೊಬ್ಬನ,
ಅದಕ್ಕ ನಮ್ಮಪ್ಪನ ಗಜಕೋಲು
ಎಷ್ಟು ಸಲ ಈ ಮಣಿಕಟ್ಟಿಗೆ ಬಿದ್ದೈತೋ.
ತನ್ನ ಕೈಬರಹ ತನಗ ಗುರ್ತ ಹತ್ತದ ಇದ್ದೀತ?

ಮತ್ತ, ಬಗಲ ಹೊಲಿಗಿ ಒಳಗ
ಎರಡು ಬೆರಳು ಅರಿವಿ ಮಡಚಿ ಬಿಟ್ಟಿತ್ತು.
ಖಣ ತುಟ್ಟಿ, ಯಾರೂ ಅಷ್ಟು ಬಿಡಸ್ತಿದ್ದಿಲ್ಲ.
ಕೇಳಿದಾಕಿ ಒಬ್ಬಾಕಿ.
'ಕಾಕಾ, ಎರಡು ಬೆರಳು ಹೆಚ್ಚಿಗಿ ಇರಲಿ,
ಮುಂದ ಬಿಚ್ಚೋದು ಬರ್ತೈತಿ' ಅಂತ
ನೆಲ ನೋಡಿ ನಕ್ಕಿದ್ಲು.
ಆ ಟಾಕಿ ಇನ್ನೂ ಬಿಚ್ಚಿದ್ದಿಲ್ಲ.

ಮಶೀನಿನ ಗಿಡ್ಡ ಕಾಲಿನ ಬುಡಕ ಕೈ ಹಾಕಿ
ಹಳೇ ವಹಿ ಎಳದೆ.
ಉಳಿದ ವರ್ಸದ್ದೆಲ್ಲ ಹೆಂಡತಿ ನೀರೊಲಿಗೆ ಹಾಕಿದ್ಲು,
ಇದೊಂದು ಕುಂಟ ಕಾಲಿಗೆ ಆಸರಾಗಿ ಉಳದಿತ್ತು.
'ಸಾವಂತ್ರೆವ್ವ. ಗ್ಯಾನಪ್ಪನ ಮನಿ, ಕುರಹಟ್ಟಿ ಪ್ಯಾಟಿ.
ಎದಿ ಮೂವತ್ತೆರಡೂವರಿ. ತೋಳು ಹನ್ನೆರಡು. ಕೊರಳು ಗುಂಡು.
ಬಾಕಿ: ನಾಕು ರೂಪಾಯಿ.'

ಹೆಸರು ಮರತಿದ್ದೆ.
ಬಾಕಿ ಮರತಿದ್ದಿಲ್ಲ.
ನೂಲಿನ ಸೊಸಾಯಿಟಿ ಕಟ್ಟಿ ಮ್ಯಾಲ
ಎಲ್ಲಾರೂ ಅಂದಾಗ ನಾನೂ ಅಂದಿದ್ದೆ,
'ನಾಕು ರೂಪಾಯಿ ಮುಳುಗಿಸಿ ಓಡಿಹ್ವಾದ್ಲು.'
ಲಾರಿ ಕ್ಲೀನರನ ಜೋಡಿ ಅಂದ ಒಬ್ಬ,
ಬಣ್ಣದ ಅಂಗಡಿಯಾಂವ ಅಂದ ಇನ್ನೊಬ್ಬ,
ಗೋವಾದಾಗ ನೋಡಿ ಬಂದಾಂವನೂ ಒಬ್ಬ ಇದ್ದ.
ಎರಡು ಹರದಾರಿ ದಾಟಿದ್ದಿಲ್ಲ ಆಕಿ.

ಮೂರು ತಿಂಗಳಿಗೆ ಗ್ಯಾನಪ್ಪ ಬಂದ,
ಟೆರಿಕಾಟ್ ಅಂಗಿ ಬಟ್ಟಿ, ಎರಡನೇ ಲಗ್ನ.
'ಕಿಸೆ ಎರಡಿಡು' ಅಂದ.
ಅಂವನ ಕೊರಳಿಗೆ ಟೇಪು ಹಾಕಿ ನಿಂತಿದ್ದೆ ನಾನು.
ಹದಿನೈದೂವರಿ.
ರೊಕ್ಕ ಎಣಿಸಿಕೊಟ್ಟ, ಬಾಕಿ ಇಡಲಿಲ್ಲ.
ಅಂವ ಹಾಸಿಗಿ ಮ್ಯಾಲ ಸತ್ತು ಹನ್ನೊಂದು ವರ್ಸಾತು.
ಬಾಯಾಗ ನೀರು ಬಿಡಾಕ ನಾಕು ಮಂದಿ ಇದ್ರು.

ಆಕಿನ್ನ ಮುನಸಿಪಾಲ್ಟ್ಯಾರು ಹೂತಲ್ಲಿ ಈಗ ನೀರಿನ ಟಾಕಿ.
ಒಂದು ದವಡಿ ಮಾತ್ರ
ಹುಬ್ಬಳ್ಳಿ ದವಾಖಾನಿ ಕಪಾಟಿನಾಗ ಚೀಟಿ ಕಟಿಗೊಂಡು ಕುಂತಿತ್ತಂತ.
ಮಗಳ ರಕ್ತ ಒಯ್ದರು.
ದೀಪಾವಳಿ ಕಳದು ಕಾಗದ ಬಂತು. ಹೌದು ಅಂತ.

ಮಗಳು ನಿಂಬೆವ್ವ ಗಜೇಂದ್ರಗಡದಿಂದ ಬಂದಿದ್ಲು.
ಆವಾಗ ನಾಕು ವರ್ಸದಾಕಿ.
'ಓಡಿಹೋದಾಕಿ ಮಗಳು' ಅಂತ
ಎರಡು ಸಲ ವೀಳ್ಯ ಮುರದಿತ್ತು ಆಕಿದು.
ಕೂಡಂದ್ರ ಕೂಡಲಿಲ್ಲ, ಚಾ ಬ್ಯಾಡಂದ್ಲು.
'ಪೊಲೀಸರ ಕಾಗದದಾಗ ಸುಮಾರು ಐದು ಅಡಿ ಅಂತ ಐತಿ.
ಖರೇ ಎಷ್ಟು ಎತ್ತರ ಇದ್ಲು ನಮ್ಮವ್ವ?'

ಕುಪ್ಪಸಕ್ಕ ಎತ್ತರ ಹಿಡಿಯೂದಿಲ್ಲವ್ವಾ.
ನನ್ನಂತ್ಯಾಕ ಇರೋದು
ಹೆಗಲಿಂದ ಮೊಳಕೈ ತನಕ.
ವಹಿ ಠಾಣೆಕ್ಕ ಹೋಗಿತ್ತು,
ಬಾಯಿಲೆ ಹೇಳಿದೆ: ಹನ್ನೆರಡು.

ನನ್ನ ಕೊರಳಾಗಿನ ಟೇಪು ತಾನ ತಗೊಂಡು
ತನ್ನ ಹೆಗಲಿಗಿಟ್ಟು ಕೆಳಗ ಬಿಟ್ಲು,
ಬೆರಳಿಲೆ ಹಿಡದು ಬೆಳಕಿಗೆ ಹೊರಳಿದ್ಲು.

'ನಂದು ಹದಿಮೂರು' ಅಂದ್ಲು.