ಹನ್ನೊಂದು ಡಬ್ಬಿ

ಟಿಳಕವಾಡಿ ಎರಡನೇ ಗೇಟಿನ ಬಾಜೂಕ
ಹಿಟ್ಟಿನ ಗಿರಣಿ, ಗಿರಣಿ ಹಿಂದ ಪತ್ರಾಸ ಶೆಡ್ಡು.
ಅರವತ್ತೇಳರಾಗ ಅಲ್ಲಿ ನಾಲ್ಕು ಮಂದಿ ಹುಡುಗ್ರು
ಗಿಟಾರು ತಂದು ಕುಂತ್ರು.
ಗಿರಣಿ ಚಾಲೂ ಆದ್ರ ಕರೆಂಟು ಇಳೀತಿತ್ತು,
ಗಿಟಾರಿಗೆ ನೆಗಡಿ ಬಂದಂಗ ಆಗತಿತ್ತು.
ಡ್ರಮ್ಮಿನ ಮ್ಯಾಲ ಜ್ವಾಳದ ಹಿಟ್ಟು,
ಗುರುಪಾದ ಹೊಡದಾಗೊಮ್ಮೆ ಹೊಗಿ ಎದ್ದಂಗ ಏಳತಿತ್ತು.

ನಮ್ಮಪ್ಪ ಸಿದರಾಯ, ಗೇಟಮನ್.
ಗೇಟಿನ ಖೋಲಿಯೊಳಗ ನಾವು ಐದು ಮಂದಿ,
ಒಂದು ಕಂದೀಲು, ಎರಡು ಬಾವುಟ.
ನನಗ ಇಂಗ್ಲಿಷು ಬರತಿರಲಿಲ್ಲ, ಅವರಿಗೂ ಅಷ್ಟಕ್ಕಷ್ಟ.
ಬೋನಿಫಾಸಗ ಮನಿಯೊಳಗ ಕೊಂಕಣಿ,
ಇನಾಯತ ಮುಲ್ಲಾಗ ಉರ್ದು,
ಕಾಕತ್ಕರಗ ಮರಾಠಿ,
ಗುರುಪಾದ ಹುಲಮನಿ ನಮ್ಮಂಗ.
ಜಗಳಾ ಮಾಡೂದು ಮಾತ್ರ ಎಲ್ಲಾರೂ ಕನ್ನಡದಾಗ.

ಎಲ್ಲಾ ಹಾಡಿನೊಳಗೂ ಒಂದ ಶಬ್ದ: ಬೇಬಿ, ಬೇಬಿ.
ನಮ್ಮ ತಂಗಿ ಹೆಸರ ಬೇಬಿ.
ಆಗ ಅಕೀಗೆ ಎಂಟು ವರ್ಷ, ಮೂಗು ಸೋರತಿತ್ತು.
"ಕೂಸಿನ ಹೆಸರು ಹಿಡದು
ಹಿಂಗ್ಯಾಕ ಒದರತಾವ ಇವು?" ಅಂದ್ಲು ಅವ್ವ.
ಅಪ್ಪ ಕೆಂಪು ಬಾವುಟ ಹಿಡಕೊಂಡ ಹೋದ.
ಒಂದು ತಾಸಿನ ಮ್ಯಾಲ ಬಂದ,
ಬಾವುಟ ಬಗಲಾಗ, ಬಾಯಾಗ ಅವರು ಕೊಟ್ಟ ಸಿಗರೇಟು.
"ಅದು ಬ್ಯಾರೆ ಬೇಬಿ" ಅಂದ.
ಬೇಬಿ ನಂಬಲಿಲ್ಲ. ಇನ್ನೂ ನಂಬಿಲ್ಲ.

ಸಂಜಿ ಐದೂವರಿಗೆ ಮೀರಜ ಕಡೆಯಿಂದ ಗಾಡಿ.
ಉಗಿಬಂಡಿ, ಸಣ್ಣ ಹಳಿ, ಹನ್ನೊಂದು ಡಬ್ಬಿ.
ಗಾಡಿ ಬಂತಂದ್ರ ಹಾಡು ಎಲ್ಲೇ ಇರಲಿ
ಅಲ್ಲೇ ನಿಂತ ಬಿಡತಿತ್ತು.
ಗಾರ್ಡನ ಡಬ್ಬಿ ದಾಟಿದ ಕೂಡಲೇ
ಗುರುಪಾದ ಒಂದು ಏಟು ಹಾಕತಿದ್ದ,
ಬಿಟ್ಟಲ್ಲಿಂದ ಎಲ್ಲಾರೂ ಕೂಡಿ ಜಿಗೀತಿದ್ರು,
ಗೇಟು ತೆರದ ಮ್ಯಾಲ ಸೈಕಲ್ಲು, ಎಮ್ಮಿ, ಟಾಂಗಾ
ಒಮ್ಮೆಲೆ ನುಗ್ಗಿದಂಗ.

ಒಂದು ದಿನ ಗಾಡಿ ಬರಲೇ ಇಲ್ಲ.
ಆದ್ರೂ ಅವರು ಅಲ್ಲೇ ನಿಂತ್ರು.
ರೂಢಿ.
ಆವತ್ತಿನಿಂದ ಆ ಹಾಡಿನ ನಡುವ ಒಂದು ಖಾಲಿ ಜಾಗಾ.
ಕಾಲೇಜಿನ ಗ್ಯಾದರಿಂಗಿಗೆ, ಕ್ಯಾಂಪಿನ ಲಗ್ನಕ್ಕ,
ಎಲ್ಲಿ ಬಾರಿಸಿದ್ರೂ ಅಲ್ಲಿ ನಿಲ್ಲತಿದ್ರು.
ಡ್ರಮ್ಮಿನ ಮ್ಯಾಲ ಸೆಕೆಂಡ್ ಗೇಟ್ ಅಂತ ಬರಸಿದ್ರು,
ಪೇಂಟರ್ ಎಸ್ ಅಕ್ಷರ ಉಲ್ಟಾ ಬರದಿದ್ದ,
ಹಂಗ ಬಿಟ್ರು.

ಬೋನಿ ಹಡಗು ಹತ್ತಿದ. ಇನಾಯತ ಚಪ್ಪಲಿ ಅಂಗಡಿ ಹಾಕಿದ.
ಕಾಕತ್ಕರ ಬ್ಯಾಂಕಿಗೆ ಸೇರಿದ, ಪೆನ್ಶನ್ ತಗೊಂಡ, ತೀರಿಕೊಂಡ.

ಹ್ವಾದ ಡಿಸೆಂಬರದಾಗ ಉಳದವರು ಮತ್ತ ಕೂಡಿದ್ರು.
ಕ್ಯಾಂಪಿನ ಸಾಲಿ ಹಾಲ್. ಕುರ್ಚಿ ಸಾಲಲಿಲ್ಲ,
ಮಂದಿ ಕಿಡಕಿ ಕಟ್ಟಿ ಮ್ಯಾಲ ಕುಂತಿದ್ರು.
ಬೋನಿ ಕಣ್ಣಿಗೆ ಮೊನ್ನೆ ಆಪರೇಷನ್, ಕರೀ ಚಾಳೀಸು;
ಸ್ಟೈಲ್ ಅಂತ ತಿಳದು ಹುಡುಗ್ರು ಸೀಟಿ ಹೊಡದ್ರು.
ಇನಾಯತನ ದನಿ ಏರದ ಕಡೆ
ಮಂದೀನ ಹೊತಗೊಂಡ ಹ್ವಾದ್ರು.
ಕಾಕತ್ಕರನ ತಂತಿ ಯಾರೂ ಬಾರಸಲಿಲ್ಲ,
ಮುಂದಿನ ಸಾಲಿನ ಮುದುಕ್ರು ಬಾಯಿಲೇ ಡುಂ ಡುಂ ಅಂದ್ರು,
ಒಬ್ಬೊಬ್ಬರದು ಒಂದೊಂದು ತಪ್ಪು.

ಬೇಬಿ ಅಂದಾಗ ನನ್ನ ಬಾಜೂದಕಿ
ಮಂಡಿ ನೋವು ಮರತು ನೆಟ್ಟಗ ಕುಂತ್ಲು,
ಸೆರಗು ಸರಿ ಮಾಡಿಕೊಂಡ್ಲು.

ಆಮ್ಯಾಲ ಹಾಡು ನಿಂತ್ತು.
ಸಣ್ಣವರು ಮುಗೀತಂತ ಚಪ್ಪಾಳಿ ಹೊಡದ್ರು.
"ಶ್ಶ್, ಗಾಡಿ" ಅಂದ್ರು ಯಾರೋ.
ಅಷ್ಟೂ ಮಂದಿ ಉಸಿರು ಹಿಡದು
ಇಲ್ಲದ ಗಾಡಿಗೆ ದಾರಿ ಬಿಟ್ಟು ಕುಂತ್ರು.
ಒಂದು ಹುಡುಗಿ, ಸಣ್ಣ ಹಳೀನ ನೋಡದಕಿ,
ಕಿಡಕಿ ಕಡೆ ತಿರುಗಿ ನೋಡಿದ್ಲು.
ನಾ ಎಣಿಸಿದ್ನಿ. ಒಂಬತ್ತಕ್ಕ ಗುರುಪಾದ ಏಟು ಹಾಕಿದ.

ಹೊರಗ ಬಂದ ಮ್ಯಾಲ ಕೇಳಿದ್ನಿ: ಎರಡು ಡಬ್ಬಿ ಎಲ್ಲಿ?
"ಘಟಪ್ರಭಾದಾಗ ಕಡದ್ರು, ತಂಗೆವ್ವಾ" ಅಂದ.
ಕೈ ನಡಗತಿತ್ತು, ಕಿಸೆದಾಗ ಇಟ್ಟುಕೊಂಡ.

ಮನಿಗೆ ಹೋಗೂ ಮುಂದ ಗೇಟು ಬಿದ್ದಿತ್ತು.
ರಿಕ್ಷಾದವ ಎಂಜಿನ್ ಬಂದ್ ಮಾಡಿದ.
ಕರೆಂಟಿನ ಗಾಡಿ, ಇಪ್ಪತ್ತೆರಡು ಡಬ್ಬಿ, ಅರ್ಧಕ್ಕರ್ಧ ಕಿಡಕಿ ಮುಚ್ಚಿದ್ದು.
ಬೇಬಿ ಕಡೀತನಕ ಎಣಿಸಿ ಅಂದ್ಲು:
"ಹಾಡಿಗೆ ಭಾಳ ಉದ್ದ ಆತಿದು."