ಕಡವಿನ ಲೆಕ್ಕ

ಯಾದಗಿರಿ ತಹಸೀಲ ಕಚೇರಿಯ ಹಿಂದಿನ ಖೋಲಿ.
ಖಾಜಾ ಮುನೀರ್ ಮಾಸ್ತರರು ಕನ್ನಡಕ ಒರೆಸಿ
ಬಲದಿಂದ ಓದತೊಡಗುತ್ತಾರೆ;
ನಾನು ಎಡತುದಿಯಲ್ಲಿ ಕಾಯುತ್ತೇನೆ.

ಮರಪ. ಅಂಬಿಗ. ಭೀಮೆಯ ಕಡವು.
‘ಮರೆಪ್ಪ ಅನ್ರಿ ಸರ್, ನಮ್ಮ ಮುತ್ಯಾನ ಅಪ್ಪ.’
‘ಉರ್ದುದಾಗ ಸ್ವರ ಬರದಿಲ್ಲಪ್ಪ, ನೀನೇ ಹಚ್ಕೋ.’

ಮನೆಯಲ್ಲಿ ಅವನ ಬಗ್ಗೆ ಒಂದೇ ಮಾತು:
ತಂಗಿಯ ಗಂಡನನ್ನೂ ಕಾಸಿಲ್ಲದೆ ದಾಟಿಸದವನು,
ಸೊಂಟದ ಚೀಲಕ್ಕೆ ಏಳು ಗಂಟು.
ಪುಟದಲ್ಲೂ ಹಾಗೇ:
ಆಳಿಗೆ ಎರಡು ಪೈ, ಎತ್ತಿಗೆ ಆರು,
ಆಡಿನ ಮರಿಗೂ ಒಂದು.

ಫಸಲಿ ಸಾವಿರದ ಮುನ್ನೂರ ಇಪ್ಪತ್ತೆಂಟು, ಆಜರ್ ತಿಂಗಳು.
ಮಾಸ್ತರರ ಬೆರಳು ನಿಲ್ಲುತ್ತದೆ.
‘ಆಚೆ ದಡಕ್ಕೆ ಹನ್ನೊಂದು. ಮುಫತ್ತು.
ತಿರುಗಿ ಬಂದದ್ದು... ಖಾಲಿ.’
ಮಾರನೇ ದಿನ ಒಂಬತ್ತು. ಮುಫತ್ತು. ಖಾಲಿ.
ಆಳೋ, ಎತ್ತೋ, ಹೊರೆಯೋ,
ಯಾವ ಖಾನೆಯಲ್ಲೂ ಬರೆದಿಲ್ಲ ಗುಮಾಸ್ತ.

ಆಚೆ ದಡದಲ್ಲಿ ಆಗ
ಒಂದು ಹುಣಸೆಮರ, ಅದರ ಕೆಳಗೆ ಮಸಣ.

ಅಂಚಿನಲ್ಲಿ ಕೆಂಪು ಮಸಿ:
ದಂಡ, ಹಾಲಿ ಸಿಕ್ಕಾ ಮೂರು ರೂಪಾಯಿ.
ಕಟ್ಟಿದನೇ?
ಮುಂದಿನ ಹಾಳೆಗಳಿಗೆ ಗೆದ್ದಲು ಹತ್ತಿದೆ.

ಫೋನಿನಲ್ಲಿ ಸೋದರತ್ತೆ:
‘ರೊಕ್ಕ ಎಲ್ಲಿ ಹುಗದಾನಂತ
ಬರದದೇನೋ, ಅದರಾಗ?’