ಒಲೆಯ ಹಿಂದಿನ ತೂತು

ಬ್ರಾಂಕ್ಸ್‌ನ ಐದನೇ ಮಾಳಿಗೆಯಲ್ಲಿ ಎಲ್ಪೀದಿಯಾ
ಜಿರಳೆಗಳನ್ನು ಮಾತ್ರೆಯ ಶೀಶೆಗೆ ತುಂಬಿ
ಮೇಲೆ ತಾರೀಖು ಬರೆದಿಡುತ್ತಾಳೆ.
ನವೆಂಬರ್ ಒಂಬತ್ತು: ನಾಲ್ಕು, ಜೊತೆಗೊಂದು ಮರಿ.
ನವೆಂಬರ್ ಹನ್ನೊಂದು: ಮಗನಿಗೆ ಉಬ್ಬಸ, ರಾತ್ರಿ ಎರಡೂವರೆ.
ಅದಕ್ಕೆ ಶೀಶೆಯಿಲ್ಲ, ಬರೀ ತಾರೀಖು.

ನಾನು ಬೆಸ್ನಿಕ್. ಕಟ್ಟಡ ನೋಡಿಕೊಳ್ಳುವವ.
ಬಾಯ್ಲರಿನ ಪಕ್ಕದ ಕೋಣೆ ನನ್ನದು, ಬಾಡಿಗೆಯಿಲ್ಲ;
ಪುಕ್ಕಟೆ ಸೂರಿಗೆ ಬಾಯಿಗೆ ಬೀಗ,
ಕರಾರಿನಲ್ಲಿ ಬರೆದಿಲ್ಲ, ಆದರೂ.
ಮಾಲೀಕರೆಂದರೆ ನನಗೊಂದು ಫೋನ್ ನಂಬರು,
ಅದರೊಳಗೊಂದು ಪಿಯಾನೋ,
ಆಮೇಲೆ, ನಿಮ್ಮ ಕರೆ ನಮಗೆ ಮುಖ್ಯ.
ತಿಂಗಳಿಗೆ ಎರಡು ಡಬ್ಬ ಸ್ಪ್ರೇ ಕಳಿಸುತ್ತಾರೆ.
ಇಲ್ಲಿ ಹೊಡೆದರೆ ಹುಳ ಪಕ್ಕದ ಮನೆಗೆ,
ಅಲ್ಲಿ ಹೊಡೆದರೆ ವಾಪಸು,
ನೆಂಟರ ಮನೆಗೆ ಹೋಗಿ ಬಂದ ಹಾಗೆ, ದಪ್ಪಗಾಗಿ.

ಕೋರ್ಟಿನಲ್ಲಿ ಅವರ ವಕೀಲ ಹೇಳಿದ:
ಈಕೆ ಅನ್ನದ ಪಾತ್ರೆ ಮುಚ್ಚುವುದಿಲ್ಲ.
ಎಲ್ಪೀದಿಯಾ ಶೀಶೆಗಳನ್ನು ಒಂದೊಂದೇ
ಮೇಜಿನ ಮೇಲಿಟ್ಟಳು. ಎಲ್ಲದರ ಮುಚ್ಚಳವೂ ಬಿಗಿ.

ನ್ಯಾಯಾಧೀಶೆ ದಿನಸಿ ಚೀಟಿಯಂತೆ ಕಾನೂನು ಓದಿದರು:
ಹುಳಹುಪ್ಪಟೆ, ಇಲಿ, ಮಾಲೀಕನ ಹೊಣೆ.
ಮದ್ದು ಹೊಡೆದರೆ ಸಾಲದು.
ಸೋರುವುದು ನಿಲ್ಲಬೇಕು, ಬಿರುಕು ಮುಚ್ಚಬೇಕು,
ಬಂದ ದಾರಿ ಹುಡುಕಬೇಕು.
ಹಿಂದಿನ ಬೆಂಚಿನಲ್ಲಿ ನಾನು ಟೋಪಿ ಹಿಂಡುತ್ತ ಕೂತಿದ್ದೆ.
ಹದಿನಾರು ವರ್ಷದಲ್ಲಿ ಯಾರೂ ನನಗೆ
ದಾರಿ ಹುಡುಕು ಅಂದಿರಲಿಲ್ಲ.

ಶನಿವಾರ ಒಲೆ ಎಳೆದೆ.
ಗ್ಯಾಸಿನ ಕೊಳವೆಯ ಸುತ್ತ ಅಂಗೈ ಹೋಗುವಷ್ಟು ತೂತು.
ಕೊರೆದವನು ನಾನೇ, ಇಲ್ಲಿಗೆ ಬಂದ ಮೊದಲ ಚಳಿಗಾಲ;
ಮುಚ್ಚಲು ಸಿಮೆಂಟು ಕೇಳಿದ್ದೆ,
ಪಿಯಾನೋ ಬಂದಿತ್ತು.
ಕೈ ಹಾಕಿದರೆ ಒಳಗೆ ಬೆಚ್ಚಗೆ ಇಲಿಗೂಡು:
ಸ್ಪಂಜು, ಕೂದಲು, ಕಾಗದದ ಚೂರು.
ವರ್ಷ ವರ್ಷ ಬಾಗಿಲಡಿ ನಾನು ತಳ್ಳಿದ ತಿಳುವಳಿಕೆ ಪತ್ರ.
'ಬಾಡಿಗೆದಾರರ ಹಕ್ಕು' ಎಂಬಲ್ಲಿಯವರೆಗೆ ಓದಬಹುದಿತ್ತು,
ಉಳಿದದ್ದರ ಮೇಲೆ ಆರು ಕೆಂಪು ಮರಿ, ಕಣ್ಣಿಲ್ಲ.

ಆಕೆ ನೋಡಿದಳು. ನಾನು ನೋಡಿದೆ.
ಇದಕ್ಕೆ ಕಾನೂನಿನಲ್ಲಿ ಸಾಲಿಲ್ಲ.
ಒಳಗೆ ಹೋಗಿ ಮಗನ ಶೂ ಡಬ್ಬ ತಂದಳು;
ಎಲ್ಲಿಗೆ ಒಯ್ದಳೋ, ನಾನು ಕೇಳಲಿಲ್ಲ.

ಸ್ಟೀಲ್ ನಾರು ತುರುಕಿ ಸಿಮೆಂಟು ಮೆತ್ತಿದೆ,
ಬೆರಳಿನಿಂದಲೇ, ಕರಣಿ ಹಿಡಿಯಲು ಜಾಗವಿರಲಿಲ್ಲ.
ನನ್ನ ದುಡ್ಡು, ಹನ್ನೊಂದು ಡಾಲರ್.
ಎಲ್ಪೀದಿಯಾಳಿಂದ ಒಂದು ಖಾಲಿ ಶೀಶೆ ಕೇಳಿ ಪಡೆದಿದ್ದೇನೆ.
ರಸೀದಿ ಅದರೊಳಗಿದೆ,
ಮೇಲೆ ತಾರೀಖು.